ಎದೆಯ ಪಾಳಿ

ಕೂಸು ದೊಡ್ಡಾಸ್ಪತ್ರೆಯಿಂದ ಮನೆಗೆ ಬಂದಾಗ ನಾಲ್ಕು ಪೌಂಡು ಬ್ರೆಡ್ಡಿನಷ್ಟೂ ತೂಗುತ್ತಿರಲಿಲ್ಲ. ಇದು ಯಾರೋ ಕುಹಕಕ್ಕೆ ಆಡಿದ ಮಾತಲ್ಲ. ಬೇಕರಿಯ ಯಜಮಾನರು ಮೊಮ್ಮಗಳನ್ನು ಬಟ್ಟೆಯ ಸಮೇತ ಅಂಗಡಿಯ ತಕ್ಕಡಿಯಲ್ಲಿಟ್ಟು, ಎದುರಿನ ತಟ್ಟೆಗೆ ಒಂದೊಂದೇ ಬ್ರೆಡ್ಡು ಏರಿಸಿ, ಕಣ್ಣಾರೆ ಕಂಡು ಹೇಳಿದ ಮಾತು. ನಾಲ್ಕನೆಯದನ್ನು ಇಡುತ್ತಿದ್ದಂತೆ ಕೂಸಿನ ತಟ್ಟೆ ಮೇಲಕ್ಕೆ ಹೋಯಿತು. ಸೊಸೆ ಒಳಗಿಂದ ಓಡಿಬಂದು ಮಗುವನ್ನು ಎತ್ತಿ ಅವಚಿಕೊಂಡಳು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನರ ಮಗಳು, "ಅಪ್ಪಾ, ಹಾಗೇ ಕಾಗದದಲ್ಲಿ ಸುತ್ತಿ ಯಾರಿಗಾದ್ರೂ ಕೊಟ್ಟುಬಿಟ್ಟೀರಿ, ಜೋಪಾನ," ಅಂದಳು. ಕೂಸಿಗೆ ಬನ್ನು ಎಂಬ ಹೆಸರು ಅಂಟಿಕೊಂಡದ್ದು ಅಂದೇ.

ಈ ಮಗಳ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲವೆಂದು ಓಣಿಯವರು ಅವಳನ್ನು ರೇಡಿಯೋ ಎನ್ನುತ್ತಿದ್ದರು. ಅವಳ ಅಣ್ಣ, ಅಂದರೆ ಕೂಸಿನ ಅಪ್ಪ, ಅವಳಿಗೆ ತದ್ವಿರುದ್ಧ. ಬೆಳಗಾಗುವ ಮುಂಚೆ ಸೈಕಲ್ಲಿಗೆ ಡಬ್ಬ ಕಟ್ಟಿಕೊಂಡು ಬ್ರೆಡ್ಡು ಹಂಚಲು ಹೋಗುವವನು. ಅವನು ಆಡುವ ಮಾತಿಗಿಂತ ಸೈಕಲ್ಲಿನ ಬೆಲ್ಲಿನ ಮಾತೇ ಹೆಚ್ಚು. ಯಜಮಾನರ ಹೆಂಡತಿಯನ್ನು ನಾವು ಅತ್ತೆ ಎಂದೇ ಕರೆಯೋಣ. ಸೊಸೆ ಬಂದ ದಿನದಿಂದ ಓಣಿಯೂ ಅವರನ್ನು ಹಾಗೇ ಕರೆಯುತ್ತಿತ್ತು.

ಮುಂದೆ ಅಂಗಡಿ, ನಡುವೆ ಭಟ್ಟಿ, ಹಿಂದೆ ಮನೆ. ಭಟ್ಟಿಗೂ ಅಡುಗೆಮನೆಗೂ ನಡುವೆ ಒಂದು ಕಿಟಕಿಯಿಲ್ಲದ ಕೋಣೆ. ನಾದಿದ ಹಿಟ್ಟನ್ನು ಉಬ್ಬಲು ಇಡುವುದು ಅಲ್ಲಿ, ಅದಕ್ಕೇ ಅದು ಉಬ್ಬುಕೋಣೆ. ಮಳೆಗಾಲದಲ್ಲಿ ಅರ್ಧ ಓಣಿಯ ಒದ್ದೆ ಬಟ್ಟೆ ಅಲ್ಲೇ ಒಣಗುತ್ತಿತ್ತು. ಆ ಕೋಣೆಯ ಬಿಸಿ ಎಷ್ಟಿರಬೇಕು ಎಂಬುದನ್ನು ಯಜಮಾನರು ಬಾಗಿಲಲ್ಲಿ ನಿಂತು ಕೆನ್ನೆಯಿಂದಲೇ ತಿಳಿಯುತ್ತಿದ್ದರು. ಅವರ ಜೀವಮಾನದ ಹೆಮ್ಮೆಯೇ ಅದು.

ಹುಷಾರಾಗಿ ನೋಡಿಕೊಳ್ಳಿ, ಬೆಚ್ಚಗಿಡಿ, ಅಮ್ಮನ ಬರಿಯ ಎದೆಯ ಮೇಲೆ ಮಲಗಿಸಿಕೊಳ್ಳಿ ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದರು. ಹೇಳಿದವರ ಮುಂದೆ ಇನ್ನೂ ಹತ್ತಾರು ಬಾಣಂತಿಯರ ಸಾಲಿತ್ತು, ಹಾಗಾಗಿ ಗಡಿಬಿಡಿಯಲ್ಲೇ ಹೇಳಿದ್ದರು. ಈ ಮನೆಯವರ ಕಿವಿಗೆ ಬಿದ್ದದ್ದು ಬೆಚ್ಚಗಿಡಿ ಎಂಬುದೊಂದೇ. ಬೆಚ್ಚಗಿಡುವುದನ್ನು ನಮಗೆ ಹೇಳಿಕೊಡುತ್ತಾರೆಯೇ ಎಂದು ಯಜಮಾನರು ನಕ್ಕರು. ಬ್ರೆಡ್ಡಿನ ಬುಟ್ಟಿಗೆ ಮೆತ್ತಗೆ ಹಳೆಯ ಬಟ್ಟೆ ಹಾಸಿ, ಕೂಸನ್ನು ಚೆನ್ನಾಗಿ ಸುತ್ತಿ, ಉಬ್ಬುಕೋಣೆಯ ನಡುವಿನ ಹಲಗೆಯ ಮೇಲೆ, ಹಿಟ್ಟಿನ ತಟ್ಟೆಗಳ ಪಕ್ಕದಲ್ಲಿ ಇಟ್ಟರು. ಸೊಸೆಗೆ ಯಾಕೋ ಸರಿಬರಲಿಲ್ಲ. ಗಂಡನಿಗೆ ಹೇಳಿದಳು. ಬಿಸಿಯ ವಿಷಯದಲ್ಲಿ ಅಪ್ಪನಿಗೆ ಗೊತ್ತಿಲ್ಲದ್ದು ಏನಿದೆ ಎಂದು ಅವನು ಸೈಕಲ್ಲು ಹತ್ತಿದ.

ಓಣಿಯ ಕೊನೆಯಲ್ಲಿ ಸೈಕಲ್ ರಿಪೇರಿ ಅಂಗಡಿಗೆ ಅಂಟಿಕೊಂಡಂತೆ ಎರಡು ಕೋಣೆಯ ಆರೋಗ್ಯ ಕೇಂದ್ರವಿತ್ತು. ಡಾಕ್ಟರು ವಾರಕ್ಕೊಮ್ಮೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಉಳಿದಂತೆ ನರ್ಸಮ್ಮ ಒಬ್ಬರೇ. ಅವರೂ ಅಲ್ಲಿ ಕೂತಿರುತ್ತಿದ್ದದ್ದು ಕಡಿಮೆ, ಹೆಗಲಿಗೊಂದು ಚೀಲ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದದ್ದೇ ಹೆಚ್ಚು. ಯಾರ ಮನೆಯಲ್ಲಿ ಹೆರಿಗೆಯಾಗಿದೆ, ಯಾರ ಅಜ್ಜನ ಕಾಲು ಊದಿದೆ, ಯಾರು ಮಾತ್ರೆಯನ್ನು ನುಂಗದೆ ಕಿಟಕಿಯಿಂದ ಎಸೆಯುತ್ತಾರೆ, ಎಲ್ಲವೂ ಅವರಿಗೆ ಗೊತ್ತು. ಬನ್ನು ಬಂದ ಮಾರನೆಯ ದಿನ ಅವರು ಬೇಕರಿಗೆ ಬಂದು, ಕೂಸೆಲ್ಲಿ ಎಂದು ಕೇಳಿದರು. ರೇಡಿಯೋ ಅಭಿಮಾನದಿಂದ ಉಬ್ಬುಕೋಣೆಯ ಬಾಗಿಲು ತೆರೆದು ತೋರಿಸಿದಳು.

ನರ್ಸಮ್ಮ ಬುಟ್ಟಿಯನ್ನು ಎತ್ತಿಕೊಂಡು ಹೊರಗೆ ಬಂದು ಸುತ್ತಿದ್ದ ಬಟ್ಟೆಗಳನ್ನು ಒಂದೊಂದೇ ಬಿಚ್ಚಿದರು. ಕೂಸು ಕೆಂಪಗಾಗಿತ್ತು. ತುಟಿ ಒಣಗಿತ್ತು. ಕೈ ಎತ್ತಿದರೆ ಎತ್ತಿದ ಕಡೆ, ಬಿಟ್ಟರೆ ಬಿಟ್ಟ ಕಡೆ. ಬೆಳಗಿನಿಂದ ಹಾಲು ಎಳೆಯುತ್ತಿಲ್ಲ ಎಂದು ಸೊಸೆ ಆಗ ಬಾಯಿಬಿಟ್ಟಳು. ನಿದ್ದೆ ಜೋರು, ಬಿಸಿ ಹಿತವಾಗಿದೆ ಎಂದು ಮನೆಯವರೆಲ್ಲ ತಿಳಿದಿದ್ದರು. ನರ್ಸಮ್ಮ ಸೊಸೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಕೂಸನ್ನು ಬರಿಮೈಯಲ್ಲಿ ಅವಳ ಎದೆಗೆ ಹಾಕಿ, ಮೇಲೊಂದು ತೆಳ್ಳನೆಯ ಬಟ್ಟೆ ಹೊದಿಸಿದರು. ಹಾಲು ಹಿಂಡಿಸಿ ಚಮಚದ ತುದಿಯಲ್ಲಿ ಹನಿಹನಿಯಾಗಿ ಬಾಯಿಗೆ ಬಿಟ್ಟರು. ಮಧ್ಯಾಹ್ನದೊಳಗೆ ಚೇತರಿಸಿಕೊಳ್ಳದಿದ್ದರೆ ನಾನೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಗಾಡಿಗೆ ಹೇಳಿಡಿ ಎಂದರು.

ಯಜಮಾನರಿಗೆ ಭಯ, ಭಯದ ಮೇಲೆ ಅವಮಾನ. ನಲವತ್ತು ವರ್ಷದಿಂದ ಬಿಸಿಯ ಜೊತೆಯೇ ಬದುಕಿದವನಿಗೆ ಬಿಸಿ ತಿಳಿಯದೇ ಎಂದು ಗೊಣಗಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ, ಆದರೆ ಆವತ್ತು ಧ್ವನಿಯಲ್ಲಿ ಗಟ್ಟಿತನವಿರಲಿಲ್ಲ. ನರ್ಸಮ್ಮ ತಿರುಗಿ ಬಯ್ಯಲಿಲ್ಲ.

"ಹಿಟ್ಟಿಗೆ ಬಿಸಿ ಜಾಸ್ತಿ ಆದ್ರೆ ಏನು ಮಾಡ್ತೀರಿ ಯಜಮಾನ್ರೇ?"

"ಕೆಳಗಿನ ಹಲಗೆಗೆ ಇಳಿಸ್ತೀನಿ."

"ಜಾಸ್ತಿ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?"

"ಆಗಾಗ ಬಂದು ನೋಡ್ತೀನಲ್ಲ."

"ಎದೆ ಆಗಾಗ ಬಂದು ನೋಡೋದಲ್ಲ, ಅಲ್ಲೇ ಇರೋದು. ಕೂಸು ತಣ್ಣಗಾದ್ರೆ ತಾಯಿ ಎದೆ ತಾನಾಗೇ ಕಾವು ಏರಿಸುತ್ತೆ. ಕೂಸಿಗೆ ಸೆಕೆ ಆದ್ರೆ ತಾನಾಗೇ ಇಳಿಸುತ್ತೆ. ಅವಳಿಗೇ ಗೊತ್ತಾಗಲ್ಲ, ಎದೆಗೆ ಗೊತ್ತಾಗುತ್ತೆ."

ಯಜಮಾನರು ಸೊಸೆಯ ಕಡೆ ನೋಡಲು ಸಂಕೋಚಪಟ್ಟು ಗೋಡೆಯ ಕಡೆ ನೋಡಿದರು. ಹಾಗೇ ಕೇಳಿದರು: "ಮತ್ತೆ ಸೌದೆ ಯಾರು ಹಾಕ್ತಾರೆ?"

ರೇಡಿಯೋಗೆ ನಗು ಬಂತು. ನರ್ಸಮ್ಮ ನಗಲಿಲ್ಲ. ಅದಕ್ಕೇ ಬಾಣಂತಿಗೆ ಹೊಟ್ಟೆ ತುಂಬ ಊಟ ಹಾಕಿ ಅನ್ನುವುದು ಎಂದರು.

ಆವತ್ತು ನರ್ಸಮ್ಮ ಅಲ್ಲಿಂದ ಏಳಲಿಲ್ಲ. ಅತ್ತೆ ಕೊಟ್ಟ ಟೀಯನ್ನು ಕೂತಲ್ಲೇ ಕುಡಿದರು. ಬಿಸಿಲು ಅಂಗಡಿಯ ಮೆಟ್ಟಿಲಿನಿಂದ ಇಳಿದು ಹೋಗುವ ಹೊತ್ತಿಗೆ ಕೂಸಿನ ಕೆಂಪು ಇಳಿದಿತ್ತು. ಆಮೇಲೆ ಅದು ತಲೆಯನ್ನು ಇಷ್ಟೇ ಇಷ್ಟು ಹೊರಳಿಸಿ, ಬಾಯಿ ತೆರೆದು, ಹುಡುಕಿ, ಹಿಡಿಯಿತು. ಚೀಪುವ ಸದ್ದು ಕೇಳಿತು. ನಾಲ್ಕು ಗೋಡೆಯೊಳಗೆ ಅಷ್ಟು ಜನ ಉಸಿರು ಬಿಗಿಹಿಡಿದು ಆ ಸಣ್ಣ ಸದ್ದನ್ನು ಕೇಳುತ್ತ ನಿಂತರು. ಯಜಮಾನರು ಹೋಗಿ ಬ್ರೆಡ್ಡಿನ ಬುಟ್ಟಿಯನ್ನು ಅಟ್ಟದ ಮೇಲೆ ಎಸೆದುಬಂದರು.

ಆದರೆ ಬೆರಗಿನಿಂದ ಮನೆಗೆಲಸ ನಡೆಯುತ್ತದೆಯೇ? ಬಾಣಂತಿ ಹಗಲೆಲ್ಲ ಕೂಸನ್ನು ಎದೆಗೆ ಕಟ್ಟಿಕೊಂಡು ಕೂತರೆ ಮಿಕ್ಕಿದ್ದೆಲ್ಲ ಅತ್ತೆಯ ತಲೆಯ ಮೇಲೆ ಬಂತು. ಬೆಳಗ್ಗೆ ನೀರು ಹಿಡಿಯಬೇಕು, ಅಷ್ಟು ಜನಕ್ಕೆ ಬೇಯಿಸಬೇಕು, ಎಣ್ಣೆ ಮೆತ್ತಿದ ಬ್ರೆಡ್ಡಿನ ಅಚ್ಚುಗಳನ್ನು ತಿಕ್ಕಬೇಕು. ಅತ್ತೆ ಪಾತ್ರೆಯ ಮೇಲೆ ಪಾತ್ರೆ ಕುಕ್ಕುತ್ತ, ಕೆಲವರಿಗೆ ಕೂತಲ್ಲಿಗೇ ತಟ್ಟೆ ಬರುತ್ತದೆ, ಪುಣ್ಯ ಮಾಡಿದ್ದರು ಎಂದು ಗೋಡೆಗೆ ಹೇಳಿದರು. ಸೊಸೆ ಕೇಳಿಸಿಕೊಂಡು ಅನ್ನವನ್ನು ಅರ್ಧಕ್ಕೇ ಬಿಟ್ಟಳು. ಅರ್ಧಕ್ಕೆ ಬಿಟ್ಟದ್ದಕ್ಕೆ ಮತ್ತೆ ಮಾತು ಬಂತು. ಮಗ ನಡುವೆ ಬಾಯಿ ಹಾಕಲು ಹೋಗಿ ಎರಡೂ ಕಡೆಯಿಂದ ಬೈಸಿಕೊಂಡು ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತ ಕೂತ. ಚೈನು ಆ ವಾರ ಮಿಂಚುತ್ತಿತ್ತು.

ಮುಂದಿನ ಸಲ ಬಂದ ನರ್ಸಮ್ಮ ಮನೆಯ ಗಾಳಿಯನ್ನು ಮೂಸಿಯೇ ತಿಳಿದರು. ಒಬ್ಬಳೇ ಮಾಡುವ ಕೆಲಸವಲ್ಲ ಇದು, ಪಾಳಿ ಹಾಕಿಕೊಳ್ಳಿ ಎಂದರು. ಯಾರಿಗೆ ಕೆಮ್ಮಿದೆ, ಯಾರಿಗೆ ಚರ್ಮದ ತುರಿಕೆಯಿದೆ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ಕೈ ತೊಳೆಯುವುದನ್ನು ಕಲಿಸಲು ಹೊರಟವರು ಯಜಮಾನರು ಮೊಣಕೈವರೆಗೆ ತಿಕ್ಕಿ ತೊಳೆಯುವುದನ್ನು ನೋಡಿ ಸೋಪನ್ನು ಕೆಳಗಿಟ್ಟು, ಈ ಮನೆಯಲ್ಲಿ ನನಗೆ ಒಂದು ಪಾಠ ಹೇಳುವ ಶ್ರಮ ಉಳಿಯಿತು ಎಂದರು. ಯಜಮಾನರು ಆ ಮಾತನ್ನು ಸಂಜೆಯವರೆಗೆ ಗಿರಾಕಿಗಳಿಗೆಲ್ಲ ಹೇಳಿದರು.

ಮಗನನ್ನು ಮೊದಲು ಕೂರಿಸಿದರು. ಅವನು ಕೂಸು ಎದೆಗೆ ತಾಗಿದ ಕೂಡಲೇ ಮರದ ತೊಲೆಯಂತೆ ಬಿಗಿದುಕೊಂಡ, ಆಮೇಲೆ ಜಾವದಲ್ಲಿ ಎದ್ದ ದಣಿವಿಗೆ ತೂಕಡಿಸಿದ. ತೂಕಡಿಸುವ ಎದೆ ಬೇಡ, ನಿದ್ದೆ ಮಾಡಿ ಬನ್ನಿ ಎಂದು ನರ್ಸಮ್ಮ ಅವನನ್ನು ಎಬ್ಬಿಸಿದರು. ರೇಡಿಯೋಗೆ ನೆಗಡಿ. ಅತ್ತೆಯ ಸರದಿ ಬಂದಾಗ ಅವರು ಒಲೆಯ ಮೇಲೆ ಬೇಳೆ ಇದೆ ಎಂದು ಒಳಗೆ ಹೋದರು. ಮರುದಿನ ಬಟ್ಟೆ ಒಗೆಯುವುದಿತ್ತು. ಅದರ ಮರುದಿನ ಸೊಂಟ ಹಿಡಿದಿತ್ತು. ಅತ್ತೆ ಕೂಸಿನಿಂದ ಒಂದು ಮಾರು ದೂರದಲ್ಲೇ ನಿಂತು ಎಲ್ಲವನ್ನೂ ಮಾಡುತ್ತಿದ್ದರು, ಮುಟ್ಟುತ್ತಿರಲಿಲ್ಲ. ಯಜಮಾನರನ್ನಂತೂ ಯಾರೂ ಕೇಳಲೇ ಇಲ್ಲ. ಭಟ್ಟಿಯನ್ನು ಬಿಟ್ಟು ಅವರು ಊಟಕ್ಕೇ ನೆಟ್ಟಗೆ ಕೂರುವವರಲ್ಲ.

ಹೀಗೆ ಎರಡು ವಾರ ಸೊಸೆಯೊಬ್ಬಳೇ ಹೊತ್ತಳು. ಮೂರನೆಯ ವಾರ ಅವಳ ಎದೆ ಒಂದು ಕಡೆ ಕಲ್ಲಾಗಿ ಕೆಂಪಗೆ ಊದಿ ಚಳಿಜ್ವರ ಬಂತು. ನರ್ಸಮ್ಮ ಮಾತ್ರೆ ಕೊಟ್ಟರು. ಹಾಲು ಕುಡಿಸುವುದನ್ನು ನಿಲ್ಲಿಸಬಾರದು, ಆದರೆ ಕುಡಿಸಿದ ಮೇಲೆ ಅವಳು ಮಲಗಲೇಬೇಕು, ಕೂಸನ್ನು ಬೇರೆ ಯಾರಾದರೂ ಹೊರಲೇಬೇಕು ಎಂದು ಕಡ್ಡಿ ಮುರಿದಂತೆ ಹೇಳಿದರು. ತೂಕ ಏರುತ್ತಿದ್ದ ಕೂಸು ಆ ವಾರ ಏರಿರಲಿಲ್ಲ, ಇನ್ನು ಇಳಿದರೆ ಅದಕ್ಕೆ ತಡೆದುಕೊಳ್ಳುವ ಶಕ್ತಿಯಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಸೊಸೆ ಹಲ್ಲು ಕಟಕಟಿಸುತ್ತ ಕೂಸನ್ನು ಅತ್ತೆಯ ಕಡೆ ಚಾಚಿದಳು. ಅತ್ತೆ ಬಾಗಿಲಲ್ಲೇ ನಿಂತರು, ಕೈ ಮುಂದೆ ಬರಲಿಲ್ಲ.

"ಅತ್ತೆ, ನಿಮಗೆ ಈ ಮಗು ಬೇಡ್ವಾ?" ಅಂದಳು ಸೊಸೆ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು.

"ಬೇಡ ಅಂತಲ್ಲ ಕಣೇ," ಅಂದರು ಅತ್ತೆ. "ಹಿಂದೆ ಒಂದು ಸಲ ಬೇಕು ಬೇಕು ಅಂದುಕೊಂಡಿದ್ದೆ."

ಆಮೇಲೆ ಅದು ಹೊರಗೆ ಬಂತು. ಮಗನಿಗಿಂತ ಮೊದಲು ಅವರಿಗೊಂದು ಕೂಸು ಹುಟ್ಟಿತ್ತು, ದಿನ ತುಂಬುವ ಮುಂಚೆ, ಇದರಷ್ಟೇ ಸಣ್ಣದು. ಅದನ್ನೂ ಉಬ್ಬುಕೋಣೆಯಲ್ಲೇ ಇಟ್ಟಿದ್ದರು. ಬೆಚ್ಚಗಿರಲಿ ಎಂದೇ ಇಟ್ಟಿದ್ದರು. ವಾರ ಕಳೆಯುವುದರೊಳಗೆ ಹೋಯಿತು. ಮಗನಿಗೆ ಈ ವಿಷಯವೇ ಗೊತ್ತಿರಲಿಲ್ಲ, ರೇಡಿಯೋಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಗಂಡ ಹೆಂಡತಿಗೆ ಮಾತ್ರ, ಅವರೂ ಅಂದಿನಿಂದ ಇಂದಿನವರೆಗೆ ಆ ಮಾತೆತ್ತಿರಲಿಲ್ಲ. ಬನ್ನುವನ್ನು ಅದೇ ಹಲಗೆಯ ಮೇಲೆ ಇಟ್ಟಾಗ ಅತ್ತೆ ಕಂಗೆಟ್ಟರೂ, ಬೇರೆ ಏನು ಮಾಡಬೇಕೆಂದು ತಿಳಿಯದೆ ಸುಮ್ಮನಿದ್ದರು. ಈಗ ಅವರು ನರ್ಸಮ್ಮನ ಮುಖವನ್ನೇ ನೋಡುತ್ತ ಕೇಳಿದರು.

"ಸಿಸ್ಟರ್, ಅದು ಆ ಬಿಸಿಗೇ ಹೋಯ್ತಾ?"

ಬೇರೆಯವರಾಗಿದ್ದರೆ ಇಲ್ಲಮ್ಮ, ಹಾಗೇನಿಲ್ಲ ಎಂದು ಸಮಾಧಾನ ಹೇಳುತ್ತಿದ್ದರೇನೋ. ನರ್ಸಮ್ಮ ಹಾಗೆ ಹೇಳಲಿಲ್ಲ.

"ಗೊತ್ತಿಲ್ಲಮ್ಮ. ಇರಬಹುದು, ಇಲ್ಲದೇನೂ ಇರಬಹುದು. ಆಗ ಅಷ್ಟು ಸಣ್ಣ ಮಕ್ಕಳು ದೊಡ್ಡಾಸ್ಪತ್ರೆಯಲ್ಲೂ ಉಳೀತಿದ್ದದ್ದು ಕಡಿಮೆ. ಆದ್ರೆ ಒಂದು ಮಾತು ಹೇಳ್ತೀನಿ. ನೀವು ಗೊತ್ತಿದ್ದದ್ದನ್ನೆಲ್ಲ ಮಾಡಿದ್ರಿ. ಗೊತ್ತಿಲ್ಲದ್ದನ್ನ ಹೇಳೋಕೆ ಈ ಓಣಿಗೆ ಆಗ ಯಾರೂ ಬರಲಿಲ್ಲ. ಅದು ನಿಮ್ಮ ತಪ್ಪಲ್ಲ, ಬರಬೇಕಾಗಿದ್ದೋರ ತಪ್ಪು."

ಅತ್ತೆ ನೆಲಕ್ಕೆ ಕುಸಿದು ಕೂತು ಅತ್ತರು. ಅಷ್ಟು ವರ್ಷದ ಅಳು ಒಟ್ಟಿಗೆ ಬಂದರೆ ಹೇಗಿರುತ್ತದೋ ಹಾಗೆ ಅತ್ತರು. ಸೊಸೆ ಜ್ವರದಲ್ಲೇ ಎದ್ದು ಬಂದು ಅವರ ಪಕ್ಕ ಕೂತಳು. ಅಳು ಮುಗಿದ ಮೇಲೆ ಅತ್ತೆ ಮುಖ ತೊಳೆದು, ಕೈ ತೊಳೆದು, ರವಿಕೆಯ ಗುಂಡಿ ಬಿಚ್ಚಿ, "ಕೊಡು ಇಲ್ಲಿ," ಅಂದರು.

ಭಟ್ಟಿಯ ಬಾಗಿಲಲ್ಲಿ ಬ್ರೆಡ್ಡು ಹೊರತೆಗೆಯುವ ಉದ್ದ ಹಿಡಿಯ ಹಲಗೆ ಹಿಡಿದು ನಿಂತಿದ್ದ ಯಜಮಾನರಿಗೆ ಇದೆಲ್ಲ ಕೇಳಿಸಿತ್ತು. ಒಳಗೆ ಬ್ರೆಡ್ಡು ಸೀಯುವ ವಾಸನೆ ಬರುತ್ತಿತ್ತು, ಅವರು ಅಲ್ಲಾಡಲಿಲ್ಲ. ಅವರ ಭಟ್ಟಿಯಲ್ಲಿ ಬ್ರೆಡ್ಡು ಸೀದದ್ದನ್ನು ಮಕ್ಕಳು ಅದೇ ಮೊದಲ ಸಲ ನೋಡಿದ್ದು.

ಮಾರನೆಯ ಬೆಳಗ್ಗೆ ಅವರು ಮಗಳನ್ನು ಕರೆದರು. ಹೆಣ್ಣುಮಕ್ಕಳು ಭಟ್ಟಿಯ ಹತ್ತಿರ ಸುಳಿಯಬಾರದು ಎಂದು ಅವಳಿಗೆ ಬುದ್ಧಿ ಬಂದಾಗಿನಿಂದ ಹೇಳಿಕೊಂಡು ಬಂದವರು, ಏನೂ ನಡೆದೇ ಇಲ್ಲವೆಂಬಂತೆ ಆ ಉದ್ದ ಹಿಡಿಯ ಹಲಗೆಯನ್ನು ಅವಳ ಕೈಗೆ ಕೊಟ್ಟರು. "ಬೆಳಗಿನ ಬ್ರೆಡ್ಡು ಇನ್ಮೇಲೆ ನಿಂದು. ಕೂಸನ್ನ ನಿಮ್ಮಮ್ಮ ಮಧ್ಯಾಹ್ನ ಹೊರ್ತಾಳೆ, ಬೆಳಗ್ಗೆ ನಾನು."

"ನೀವಾ?" ಅಂದಳು ರೇಡಿಯೋ. ಅವಳ ಜೀವನದಲ್ಲಿ ಅವಳು ಆಡಿದ ಅತಿ ಚಿಕ್ಕ ಮಾತು ಅದೇ ಇರಬೇಕು.

ಯಜಮಾನರ ಸ್ನಾನ ಮುಗಿಯಲೇ ಇಲ್ಲ. ಎದೆಯ ಕೂದಲೊಳಗೆ ನಲವತ್ತು ವರ್ಷದ ಮೈದಾ ಕೂತಿದೆ, ಸುಲಭಕ್ಕೆ ಹೋಗುವುದಿಲ್ಲ ಎಂದು ಬಚ್ಚಲಿನಿಂದ ಕೂಗಿದರು. ನರ್ಸಮ್ಮ ಅವರನ್ನು ಹಿಂದಕ್ಕೆ ಒರಗುವ ಕುರ್ಚಿಯಲ್ಲಿ ಕೂರಿಸಿ, ಕೂಸಿನ ಕೈಕಾಲು ಮಡಿಸಿ ಕಪ್ಪೆಮರಿಯ ಹಾಗೆ ಎದೆಗೆ ಅಂಟಿಸಿ, ಮೂಗು ಮುಚ್ಚದಂತೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಅತ್ತೆಯ ಹಳೆಯ ಹತ್ತಿಯ ಬಟ್ಟೆಯಿಂದ ಸುತ್ತಿ ಕಟ್ಟಿದರು. ಯಜಮಾನರು ಉಸಿರು ಬಿಗಿಹಿಡಿದು ಸೂರನ್ನೇ ದಿಟ್ಟಿಸುತ್ತಿದ್ದರು.

"ಉಸಿರಾಡಿ ಯಜಮಾನ್ರೇ."

"ಉಸಿರಾಡಿದ್ರೆ ಕೂಸು ಅಲುಗಾಡುತ್ತೆ."

"ಅಲುಗಾಡಬೇಕು. ಇಷ್ಟು ಸಣ್ಣವು ಒಮ್ಮೊಮ್ಮೆ ಉಸಿರಾಡೋದನ್ನೇ ಮರೀತಾವೆ. ನಿಮ್ಮ ಎದೆ ಏರಿಳಿದ್ರೆ ಅದಕ್ಕೆ ನೆನಪಾಗುತ್ತೆ."

ಯಜಮಾನರು ಉಸಿರು ಬಿಟ್ಟರು. ಮೆಲ್ಲಗೆ ಎಳೆದುಕೊಂಡರು. ತಮ್ಮ ಉಸಿರು ಇನ್ನೊಬ್ಬರಿಗೆ ನೆನಪು ಹೇಳುತ್ತದೆ ಎಂಬುದು ಅವರಿಗೆ ನಂಬಲಾರದಷ್ಟು ದೊಡ್ಡ ಮಾತಾಗಿತ್ತು. ಬಟ್ಟೆಯೊಳಗೆ ಕೂಸಿನ ಗುಂಡಿಗೆ ಅವರ ಗುಂಡಿಗೆಯ ಮೇಲೆ ಟಪಟಪ ಹೊಡೆಯುತ್ತಿತ್ತು, ಇವರದು ಒಮ್ಮೆ ಹೊಡೆಯುವಷ್ಟರಲ್ಲಿ ಅದರದು ಎರಡು. ಸ್ವಲ್ಪ ಹೊತ್ತಿನ ಮೇಲೆ ಅದರ ಮುಷ್ಟಿ ಬಿಚ್ಚಿತು. ಐದೂ ಬೆರಳು ಅವರ ಎದೆಗೂದಲನ್ನು ಹಿಡಿದುಕೊಂಡವು. ಭಟ್ಟಿಯ ಕೆಂಡ ಹಾರಿ ಬಿದ್ದರೂ ಸುಮ್ಮನಿರುವ ಮನುಷ್ಯ, ಕಣ್ಣಿನಿಂದ ನೀರು ಕಿವಿಯೊಳಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ, ಕೈ ತೆಗೆದರೆ ಕೂಸಿಗೆ ಎಚ್ಚರವಾದೀತು ಎಂದು.

ಕೂಸಿನ ತಾಯಿಗಿರುವ ಆ ವಿದ್ಯೆ, ತಾನಾಗಿ ಏರಿಸಿ ಇಳಿಸುವುದು, ನನ್ನ ಎದೆಗೂ ಬರುತ್ತದೆಯೇ ಎಂದು ಅವರು ನರ್ಸಮ್ಮನನ್ನು ಗುಟ್ಟಾಗಿ ಕೇಳಿದರು. ತಾಯಿಯ ಎದೆ ಭಾರಿ ಜಾಣ, ಉಳಿದವರದು ಅಷ್ಟಿಲ್ಲ, ಆದರೆ ದಡ್ಡನೂ ಅಲ್ಲ ಎಂದು ನರ್ಸಮ್ಮ ಹೇಳಿದರು. ಅಷ್ಟು ಸಾಕಾಯಿತು ಅವರಿಗೆ.

ಇನ್ನು ಬೇಕರಿಯ ಕಥೆ. ರೇಡಿಯೋ ಮೊದಲ ದಿನ ಬೇಯಿಸಿದ್ದರಲ್ಲಿ ಅರ್ಧ ಕಪ್ಪಗಾಯಿತು, ಅರ್ಧ ಹಸಿಯಾಗಿ ಉಳಿಯಿತು. ಗಿರಾಕಿಗಳು ಬ್ರೆಡ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಯಾರಿಗೆ ಹುಷಾರಿಲ್ಲ ಎಂದು ಕೇಳಿದರು. ಒಳಗೆ ಕುರ್ಚಿಯಲ್ಲಿದ್ದ ಯಜಮಾನರಿಗೆ ಮೂಗಿನಿಂದಲೇ ಎಲ್ಲ ತಿಳಿಯುತ್ತಿತ್ತು, ಆದರೆ ಕೂಗುವಂತಿಲ್ಲ, ಕೂಗಿದರೆ ಕೂಸು ಬೆಚ್ಚುತ್ತದೆ ಎಂದು ನರ್ಸಮ್ಮನ ಕಟ್ಟಪ್ಪಣೆ. ಹುಟ್ಟಿದಾಗಿನಿಂದ ಕೂಗಿಯೇ ಮಾತಾಡಿದವರು ಪಿಸುಗುಟ್ಟಲು ಕಲಿತರು. ಮಗ ನಡುವೆ ಓಡಾಡುವ ದೂತನಾದ. ಸೌದೆ ಹಿಂದಕ್ಕೆ ಎಳೀಬೇಕಂತೆ ಎಂದು ಅವನು ಹೋಗಿ ಹೇಳುವುದು, ನನಗೆ ಕಣ್ಣಿದೆ ಎಂದು ಹೇಳು ಎಂದು ಅವಳು ತಿರುಗಿ ಕಳಿಸುವುದು. ಕೊನೆಗೊಂದು ದಿನ ಅವಳು ಬೇಯಿಸಿದ ಬ್ರೆಡ್ಡಿನ ತುಂಡೊಂದನ್ನು ಬಾಯಿಗಿಟ್ಟುಕೊಂಡು ಯಜಮಾನರು ಬಹಳ ಹೊತ್ತು ಅಗಿದರು. ಏನೂ ಹೇಳಲಿಲ್ಲ, ಇನ್ನೊಂದು ತುಂಡು ತರಲು ಹೇಳಿದರು. ರೇಡಿಯೋ ಆವತ್ತು ಇಡೀ ಓಣಿಗೆ ಸುದ್ದಿ ಬಿತ್ತರಿಸಿದಳು.

ಸೊಸೆಯ ಜ್ವರ ಇಳಿಯಿತು. ಹಾಸಿಗೆಯಿಂದ ಎದ್ದವಳು ನೋಡಿದರೆ ಮನೆಯೇ ಬೇರೆಯಾಗಿತ್ತು. ಗಂಡ ಅಚ್ಚುಗಳನ್ನು ತಿಕ್ಕುತ್ತಿದ್ದ. ಮಾವ ಅಂಗಿಯ ಗುಂಡಿ ಬಿಚ್ಚಿಕೊಂಡು ಪಾಳಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ಕಾಯುತ್ತಿದ್ದರು. ಅತ್ತೆ ಎರಡು ಮೊಟ್ಟೆ ಬೇಯಿಸಿ ಸೊಸೆಯ ತಟ್ಟೆಗೆ ಹಾಕಿ, ನಿನಗಲ್ಲ, ನಿನ್ನ ಎದೆಗೆ, ಪೂರ್ತಿ ತಿನ್ನು ಎಂದು ಗದರಿದರು. ಪಾತ್ರೆ ಈಗಲೂ ಕುಕ್ಕುತ್ತಿದ್ದರು, ಹುಟ್ಟುಗುಣ ಎಲ್ಲಿ ಹೋಗುತ್ತದೆ? ನರ್ಸಮ್ಮ ವಾರಕ್ಕೊಮ್ಮೆ ಬಟ್ಟೆಯ ಜೋಳಿಗೆಯಿದ್ದ ಕೊಕ್ಕೆತಕ್ಕಡಿ ತಂದು ಬಾಗಿಲಿಗೆ ನೇತುಹಾಕಿ ಬನ್ನುವನ್ನು ತೂಗುತ್ತಿದ್ದರು. ಆಗ ಐದು ತಲೆ ಒಂದೇ ಮುಳ್ಳಿನ ಮೇಲೆ ಬಾಗುತ್ತಿದ್ದವು. ಮುಳ್ಳು ಪ್ರತಿ ಸಲವೂ ಮುಂದೆಯೇ ಹೋಗಿ ನಿಂತಿತು. ಕೂಸಿಗೆಂದು ಆ ಕೋಣೆಯಲ್ಲಿ ಔಷಧಿಯಿರಲಿಲ್ಲ, ಯಂತ್ರವಿರಲಿಲ್ಲ, ಇದ್ದದ್ದು ಸರದಿಯಲ್ಲಿ ಕೂತ ನಾಲ್ಕೈದು ಎದೆಗಳು. ಅಷ್ಟರಿಂದಲೇ ಒಂದು ಜೀವ ನಿಲ್ಲುತ್ತದೆ ಎನ್ನುವುದನ್ನು ಕಣ್ಣೆದುರು ಕಂಡವರಿಗೂ ನಂಬುವುದು ಕಷ್ಟವಾಗಿತ್ತು.

ಆಮೇಲೆ ಒಂದು ಬೆಳಗ್ಗೆ ಬನ್ನು ಯಜಮಾನರ ಎದೆಯ ಮೇಲೆ ಒದ್ದಾಡತೊಡಗಿತು. ಕಾಲು ಒದೆಯಿತು, ಬಟ್ಟೆಯಿಂದ ಕೈ ಹೊರಗೆ ಹಾಕಿತು, ಮುಖ ಕಿವುಚಿ ಕಿರುಚಿತು. ಗಾಬರಿಯಾಗಿ ನರ್ಸಮ್ಮನಿಗೆ ಹೇಳಿಕಳಿಸಿದರು. ಅವರು ಬಂದು ನೋಡಿ ಮೊದಲ ಸಲ ಬಾಯಿ ತುಂಬ ನಕ್ಕರು. ಅವಳಿಗೆ ಈಗ ಸೆಕೆ, ಇನ್ನು ನಿಮ್ಮ ಕಾವು ಬೇಡ, ಬಲ ಬಂದ ಕೂಸುಗಳು ಹೀಗೇ ಹೇಳುವುದು ಎಂದರು. ಮನೆಯವರಿಗೆಲ್ಲ ಹೊಟ್ಟೆಗೆ ಹಾಲು ಹೊಯ್ದಂತಾಯಿತು, ಯಜಮಾನರೊಬ್ಬರು ಮುಖ ಸಪ್ಪಗೆ ಮಾಡಿಕೊಂಡು ಗುಂಡಿ ಹಾಕಿಕೊಂಡರು. ಭಟ್ಟಿಗೆ ಹೋದರೆ ಅಲ್ಲಿ ಮಗಳು. ಅಲ್ಲೊಂದು ಸಲ ಇಲ್ಲೊಂದು ಸಲ ಅಡ್ಡಾಡಿ, ಎದೆಯ ಮೇಲೆ ಸುಮ್ಮನೆ ಕೈ ಇಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತರು. ಈ ಮನುಷ್ಯನಿಗೆ ಏನೋ ಕಳೆದುಹೋಗಿದೆ ಎಂದು ಅತ್ತೆ ಸೊಸೆಗೆ ಹೇಳಿದರು.

ಕೆಲವು ದಿನದ ಮೇಲೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ನರ್ಸಮ್ಮ ಬಂದರು. ಚೀಲವನ್ನು ಕೆಳಗಿಡಲಿಲ್ಲ. ಹಿಂದಿನ ಓಣಿಯಲ್ಲಿ ಒಂದು ಹೆರಿಗೆಯಾಗಿದೆ, ಕೂಸು ಬನ್ನುವಿಗಿಂತ ಸಣ್ಣದು ಎಂದರು. ತಾಯಿಗೆ ರಕ್ತಸ್ರಾವ ನಿಲ್ಲದೆ ದೊಡ್ಡಾಸ್ಪತ್ರೆಗೆ ಸಾಗಿಸಿದ್ದಾರೆ. ಆ ಅವಸರದಲ್ಲಿ ಕೂಸು ಇಲ್ಲೇ ಉಳಿಯಿತು. ಅದಕ್ಕೂ ಗಾಡಿಗೆ ಹೇಳಿದ್ದೇನೆ, ಬರುವುದು ತಡ. ಅಲ್ಲಿಯವರೆಗೆ ಕಾವು ಬೇಕು. ಅಜ್ಜಿಗೆ ಬಿಡದ ಕೆಮ್ಮು. ಅಪ್ಪ ಮೂಟೆ ಹೊರುವವನು, ಕೂಸನ್ನು ಮುಟ್ಟಲೇ ಹೆದರುತ್ತಾನೆ. ಸೊಸೆ ಬಂದು ಅವನಿಗೆ ಧೈರ್ಯ ಹೇಳಿ ತೋರಿಸಿಕೊಡುತ್ತಾಳೆಯೇ ಎಂದು ಕೇಳಲು ಬಂದದ್ದಾಗಿ ಹೇಳಿದರು.

ಸೊಸೆ ಬನ್ನುವಿಗೆ ಹಾಲು ಕೊಡುತ್ತಿದ್ದಳು. ಅವಳು ಉತ್ತರ ಹೇಳುವ ಮೊದಲೇ ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿತು. ಯಜಮಾನರು ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕುತ್ತಿದ್ದರು, ಆಮೇಲೆ ಎದೆಗೂ ಹಚ್ಚಿದರು. ಅತ್ತೆ ಬಾಗಿಲಿಗೆ ಬಂದು ನಿಂತು, ಏನನ್ನೂ ಕೇಳದೆ, ಒಗೆದಿಟ್ಟಿದ್ದ ಹತ್ತಿಯ ಬಟ್ಟೆಯನ್ನು ತಂದುಕೊಟ್ಟರು.

ಹಿಂದಿನ ಓಣಿಯ ಆ ಕೋಣೆಗೆ ಒಂದೇ ಬಾಗಿಲು. ಮೂಟೆ ಹೊರುವವನು ಕೋಣೆಯ ನಡುವೆ ಕೈ ಇಳಿಬಿಟ್ಟು ನಿಂತಿದ್ದ. ಬಾಗಿಲಿನಷ್ಟು ಅಗಲದ ಮನುಷ್ಯ. ಮೂಲೆಯಲ್ಲಿ ಟವೆಲ್ಲಿನ ಗಂಟು, ಗಂಟಿನೊಳಗೆ ಮುಷ್ಟಿಯಷ್ಟು ಮುಖ. ಯಜಮಾನರು ಡಬ್ಬವೊಂದನ್ನು ಬೋರಲು ಹಾಕಿ ಗೋಡೆಗೆ ಒರಗಿ ಕೂತು ಅಂಗಿ ಬಿಚ್ಚಿದರು. ನರ್ಸಮ್ಮ ಗಂಟು ಬಿಚ್ಚಿ, ಕೂಸನ್ನು ಅವರ ಎದೆಗೆ ಅಂಟಿಸಿ ಬಟ್ಟೆ ಸುತ್ತಿದರು. ಎಷ್ಟು ತಣ್ಣಗಿತ್ತೆಂದರೆ ಯಜಮಾನರಿಗೆ ಒಂದು ಕ್ಷಣ ಉಸಿರು ನಿಂತಿತು. ಆಮೇಲೆ ಅವರು ಮೆಲ್ಲಗೆ, ಲೆಕ್ಕವಿಟ್ಟವರಂತೆ, ಉಸಿರಾಡತೊಡಗಿದರು.

ಬ್ರೆಡ್ಡಿನ ಯಜಮಾನರು ತನ್ನ ಮನೆಯಲ್ಲಿ ಬರಿಮೈಯಲ್ಲಿ ಕೂತಿರುವುದನ್ನು ಮೂಟೆಯವನು ಕನಸಿನಲ್ಲೆಂಬಂತೆ ನೋಡುತ್ತಿದ್ದ. ನರ್ಸಮ್ಮ ನಡುನಡುವೆ ಬಟ್ಟೆಯೊಳಗೆ ಕೈ ಹಾಕಿ ಕೂಸಿನ ಪಾದ ಮುಟ್ಟುತ್ತಿದ್ದರು. ಒಂದು ಸಲ ಮುಟ್ಟಿದವರು ಕೈಯನ್ನು ಅಲ್ಲೇ ಬಿಟ್ಟರು. ಅವರ ಮುಖ ಸಡಿಲಾಯಿತು.

ಯಜಮಾನರು ಮೂಟೆಯವನನ್ನು ಹತ್ತಿರ ಕರೆದರು. ಅವನ ಒರಟು ಅಂಗೈಯನ್ನು ಹಿಡಿದು ಬಟ್ಟೆಯೊಳಗೆ ತಂದು ಕೂಸಿನ ಬೆನ್ನಿನ ಮೇಲೆ ಇರಿಸಿದರು. ಆ ಕೈಯ ಕೆಳಗೆ ಕೂಸು ಪೂರ್ತಿ ಮುಚ್ಚಿಹೋಯಿತು. ಮೂಟೆಯವನು ಕಣ್ಣು ಮುಚ್ಚಿಕೊಂಡ. ಅಂಗೈಯ ಕೆಳಗೆ ಆ ಪುಟ್ಟ ಬೆನ್ನು ಉಸಿರಿಗೆ ಏರಿ ಇಳಿಯಿತು.

"ಇದೆ," ಅಂದ.

"ಇದೆ," ಅಂದರು ಯಜಮಾನರು. "ಹೋಗಿ ಕೈ ತೊಳ್ಕೊಂಡು, ಅಂಗಿ ಬಿಚ್ಚಿ ಬಾ. ಮುಂದಿನ ಪಾಳಿ ನಿಂದು."